ಲೀಹೈಗೆ ಬಂದವರ ಪ್ರಶ್ನೆ: ಬಹುಪತ್ನಿತ್ವವನ್ನು ಶುರು ಮಾಡಿದ್ದು ಯಾರು?

ನಿಮ್ಮ ಪತ್ರ ತಲುಪಿತು. ಯೂಟಾ ರಾಜ್ಯದ ಈ ಲೀಹೈಯಲ್ಲಿ ಬಾಡಿಗೆ ಮನೆ ಹಿಡಿದು ಪೆಟ್ಟಿಗೆಗಳನ್ನು ಬಿಚ್ಚಿ ಮುಗಿಯುವ ಮೊದಲೇ ಕಚೇರಿಯ ಊಟದ ಮೇಜಿನಲ್ಲಿ ಇಬ್ಬರ ಜಗಳದ ನಡುವೆ ಸಿಕ್ಕಿಬಿದ್ದಿದ್ದೀರಿ. ಇಬ್ಬರೂ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮನೆತನದವರೇ. ಒಬ್ಬರ ವಾದ: ಬಹುಪತ್ನಿತ್ವವನ್ನು ತಂದದ್ದು ಪಂಥದ ಎರಡನೆಯ ಮುಖಂಡ ಬ್ರಿಗಮ್ ಯಂಗ್, ಸ್ಥಾಪಕ ಜೋಸೆಫ್ ಸ್ಮಿತ್ ಅವರಿಗಿದ್ದದ್ದು ಒಬ್ಬರೇ ಹೆಂಡತಿ. ಇನ್ನೊಬ್ಬರು ಚರ್ಚನ್ನು ಬಿಟ್ಟವರು; ಅವರು ನಕ್ಕು, ಎಲ್ಲವೂ ಸ್ಮಿತ್ ಅವರಿಂದಲೇ ಶುರುವಾದದ್ದು ಎಂದರು. ಆಮೇಲೆ ಇಬ್ಬರೂ ನಿಮ್ಮತ್ತ ತಿರುಗಿ ನಿಮ್ಮ ಅಭಿಪ್ರಾಯ ಕೇಳಿದರು. ಏನು ಹೇಳಬೇಕಿತ್ತು, ಈಗಲೂ ಇಲ್ಲಿ ಅಂಥ ಮದುವೆಗಳು ನಡೆಯುತ್ತವೆಯೇ, ಮಗಳನ್ನು ಇಲ್ಲಿಯ ಶಾಲೆಗೆ ಸೇರಿಸಲು ಅಂಜಬೇಕೇ ಎಂದು ಕೇಳಿದ್ದೀರಿ.

ಅಂಜಬೇಡಿ. ನಿಮ್ಮ ಬೀದಿಯ ಜನರ ಚರ್ಚು 1890ರಲ್ಲೇ ಹೊಸ ಬಹುಪತ್ನಿ ಮದುವೆಗಳನ್ನು ಕೈಬಿಡುವುದಾಗಿ ಘೋಷಿಸಿತು. ಗುಟ್ಟಾಗಿ ಕೆಲವು ನಡೆಯುತ್ತಲೇ ಇದ್ದುದರಿಂದ 1904ರಲ್ಲಿ ಮತ್ತೊಮ್ಮೆ ಬಿಗಿ ಮಾಡಿತು. ಇಂದು ಎರಡನೆಯ ಹೆಂಡತಿಯನ್ನು ಕಟ್ಟಿಕೊಂಡ ಸದಸ್ಯನನ್ನು ಹೊರಗೆ ಹಾಕುತ್ತಾರೆ. ಅದನ್ನು ಬಿಡಲೊಪ್ಪದೆ ಒಡೆದು ಹೋದ ಸಣ್ಣ ಗುಂಪುಗಳು ಬೇರೆ ಇವೆ. ಅರಿಜೋನಾ ಗಡಿಯ ಹಿಲ್‌ಡೇಲ್ ಮತ್ತು ಕೊಲರಾಡೊ ಸಿಟಿಗಳ ಹೆಸರು ಸುದ್ದಿಯಲ್ಲಿ ಕೇಳಿರುತ್ತೀರಿ. ಆ ಗುಂಪುಗಳನ್ನೂ ನಿಮ್ಮ ನೆರೆಯವರನ್ನೂ ಒಂದೇ ಎಂದು ಎಣಿಸಿ ಮಾತಾಡಿದರೆ ನೆರೆಯವರಿಗೆ ನಿಜವಾಗಿ ನೋವಾಗುತ್ತದೆ. ಇನ್ನು ಶಾಲೆ: ನಿಮ್ಮ ಮಗಳನ್ನು ಗೆಳತಿಯರು ಚರ್ಚಿನ ಆಟಪಾಟಗಳಿಗೆ ಕರೆಯುತ್ತಾರೆ. ಕಳಿಸಿದರೆ ಸಂತೋಷಪಡುತ್ತಾರೆ, ಬೇಡವೆಂದು ನಗುನಗುತ್ತಾ ಹೇಳಿದರೂ ಸ್ನೇಹ ಕೆಡುವುದಿಲ್ಲ. ಬಾಗಿಲಿಗೆ ಬ್ರೆಡ್ಡೋ ಬಿಸ್ಕತ್ತೋ ಹಿಡಿದುಕೊಂಡು ಬಂದವರಿಗೆ ನಮ್ಮ ಅಭ್ಯಾಸಬಲದಿಂದ ಫಿಲ್ಟರ್ ಕಾಫಿ ಮುಂದಿಡಬೇಡಿ. ಕಾಫಿ, ಚಹಾ ಎರಡೂ ಅವರಿಗೆ ನಿಷಿದ್ಧ. ಬಾದಾಮಿ ಹಾಲು ಕೊಡಿ, ಲೋಟ ಖಾಲಿ ಮಾಡಿ ಇನ್ನೊಂದು ಕೇಳುತ್ತಾರೆ. 'ಮಾರ್ಮನ್' ಎಂಬ ಹೆಸರೇ ಬೇಡವೆಂದು 2018ರಲ್ಲಿ ಅವರ ಅಧ್ಯಕ್ಷರು ಹೇಳಿದ್ದಾರೆ. ಇಲ್ಲಿ ಚುಟುಕಾಗಿರಲೆಂದು ನಾನು ಬಳಸಿದ್ದೇನೆ, ಎದುರೆದುರು ಮಾತಾಡುವಾಗ ನೀವು ಬಳಸಬೇಡಿ.

ಈಗ ಆ ಜಗಳಕ್ಕೆ ಬರೋಣ. ಇದನ್ನು ದಾಯಾದಿಗಳ ಜಗಳವೆಂದು ತಿಳಿದುಕೊಂಡರೆ ಅರ್ಧ ಅರ್ಥವಾದಂತೆ. ಉಪಮೆಗಾಗಿ ಹೀಗೆ ಹೇಳುತ್ತಿಲ್ಲ, ಅಕ್ಷರಶಃ ಹಾಗೆಯೇ. 1844ರ ಜೂನ್ 27ರಂದು ಇಲಿನಾಯ್ ರಾಜ್ಯದ ಕಾರ್ಥೇಜ್ ಜೈಲಿನಲ್ಲಿ ದೊಂಬಿಯವರು ಜೋಸೆಫ್ ಸ್ಮಿತ್ ಅವರನ್ನೂ ಅಣ್ಣ ಹೈರಮ್ ಅವರನ್ನೂ ಗುಂಡಿಟ್ಟು ಕೊಂದರು. ಮಂದಿಯ ದೊಡ್ಡ ಪಾಲು ಬ್ರಿಗಮ್ ಯಂಗ್ ಹಿಂದೆ ಹೊರಟು 1847ರಲ್ಲಿ ಈ ಸಾಲ್ಟ್ ಲೇಕ್ ಕಣಿವೆಗೆ ಬಂದಿತು. ಜೋಸೆಫ್ ಅವರ ಹೆಂಡತಿ ಎಮ್ಮಾ ಮಕ್ಕಳೊಂದಿಗೆ ಇಲಿನಾಯ್‌ನಲ್ಲೇ ಉಳಿದರು. 1860ರಲ್ಲಿ ಆಕೆಯ ಮಗ ಮೂರನೆಯ ಜೋಸೆಫ್ ಸ್ಮಿತ್ ಬೇರೊಂದು ಚರ್ಚಿನ ಮುಖ್ಯಸ್ಥರಾದರು. ಅವರ ಬದುಕಿನ ದೊಡ್ಡ ಹಟವೇ ತಂದೆಯ ಹೆಸರಿಗೆ ಅಂಟಿದ ಬಹುಪತ್ನಿತ್ವದ ಮಸಿಯನ್ನು ತೊಳೆಯುವುದು. 1869ರಲ್ಲಿ ಆತನ ತಮ್ಮಂದಿರು ಪ್ರಚಾರಕ್ಕೆಂದು ಯೂಟಾಕ್ಕೆ ಬಂದರು. ಅವರಿಗೆ ಎದುರುತ್ತರವಾಗಿ, ಜೋಸೆಫ್ ಅವರನ್ನು ಮದುವೆಯಾಗಿದ್ದೆವೆಂದು ಹೇಳುವ ಹೆಂಗಸರಿಂದ ಪ್ರಮಾಣಪತ್ರ ಬರೆಸಿ ಕೂಡಿಟ್ಟವರು ಯಾರು ಗೊತ್ತೇ? ಹೈರಮ್ ಅವರ ಮಗ, ಅಂದರೆ ಇವರ ದೊಡ್ಡಪ್ಪನ ಮಗ. ಮುಂದೆ ಮಿಸೌರಿಯ ಒಂದು ನಿವೇಶನದ ವ್ಯಾಜ್ಯ ಕೋರ್ಟಿಗೆ ಹೋದಾಗ, 1892ರಲ್ಲಿ, ಮುಪ್ಪಾದ ಹೆಂಗಸರನ್ನು ಕೂರಿಸಿ, ನೀವು ಜೋಸೆಫ್ ಅವರೊಡನೆ ನಿಜವಾಗಿ ಸಂಸಾರ ಮಾಡಿದ್ದಿರೇ ಎಂದು ವಕೀಲರು ಪ್ರಶ್ನಿಸಿದರು. ಎಮಿಲಿ ಪಾರ್ಟ್ರಿಜ್ ಹೌದೆಂದರು. ಆಸ್ತಿಯ ವ್ಯಾಜ್ಯದಲ್ಲಿ ಮನೆಯೊಳಗಿನ ಗುಟ್ಟು ಕೋರ್ಟಿನ ಕಟ್ಟೆ ಹತ್ತುವುದು ನಮಗೇನು ಹೊಸದಲ್ಲವಲ್ಲ.

ಎಲ್ಲ ಬ್ರಿಗಮ್ ಯಂಗ್ ತಂದದ್ದೆನ್ನುವ ನಿಮ್ಮ ಸಹೋದ್ಯೋಗಿಯ ವಾದವನ್ನು ತಳ್ಳಿಹಾಕಿ ನಗಬೇಡಿ. ಅವರ ಕೈಯಲ್ಲಿ ಕಾಗದಗಳಿವೆ. ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿ ಎಂಬ ಹೇಳಿಕೆ 1835ರಿಂದಲೇ ಚರ್ಚಿನ ಧರ್ಮಗ್ರಂಥದಲ್ಲಿ ಅಚ್ಚಾಗಿತ್ತು. ಅದನ್ನು ತೆಗೆದದ್ದು 1876ರಲ್ಲಿ. ಸಾಯುವ ತಿಂಗಳ ಹಿಂದೆ, 1844ರ ಮೇ 26ರ ಭಾಷಣದಲ್ಲಿ, ನನಗೆ ಏಳು ಹೆಂಡಿರೆಂದು ದೂರುತ್ತಾರೆ, ನನಗೆ ಕಾಣುವುದು ಒಬ್ಬಳೇ ಎಂದು ಜೋಸೆಫ್ ಅವರೇ ಹೇಳಿದರು. ಬಹುಪತ್ನಿತ್ವಕ್ಕೆ ಅಪ್ಪಣೆ ಕೊಡುವ ದೈವವಾಣಿಯನ್ನು ಯೂಟಾದಲ್ಲಿ ಬಹಿರಂಗವಾಗಿ ಓದಿದ್ದು 1852ರಲ್ಲಿ, ಜೋಸೆಫ್ ಸತ್ತು ಎಂಟು ವರ್ಷದ ಮೇಲೆ. ಎಮ್ಮಾ 1879ರಲ್ಲಿ, ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಮಗನ ಪ್ರಶ್ನೆಗೆ ಉತ್ತರವಾಗಿ ಗಂಡನಿಗೆ ಬೇರೆ ಹೆಂಡತಿ ಇರಲೇ ಇಲ್ಲ ಎಂದು ಖಡಾಖಂಡಿತವಾಗಿ ನುಡಿದರು. ಇದೆಲ್ಲಕ್ಕಿಂತ ತೂಕದ ಪ್ರಶ್ನೆ ಮಕ್ಕಳದು. ಎಮ್ಮಾ ಅವರಿಗೆ ಮಕ್ಕಳಾದವು. ಬೇರೆ ಹೆಂಡಿರಿದ್ದರೆ ಅವರ ಮಕ್ಕಳೆಲ್ಲಿ? ಹಾಗೆಂದು ಹೇಳಲಾಗುತ್ತಿದ್ದ ಕೆಲವರ ವಂಶದವರನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದರು. ಜೋಸೆಫ್ ಅವರ ಸಂತಾನವೆಂದು ಒಬ್ಬರದೂ ಸಾಬೀತಾಗಲಿಲ್ಲ.

ಇಷ್ಟಿದ್ದೂ ಆ ವಾದ ನಿಲ್ಲುವುದಿಲ್ಲ ಎಂಬುದೇ ನನ್ನ ತೀರ್ಮಾನ. ಕಾರಣ ಒಂದು ಪತ್ರಿಕೆ.

1844ರ ಜೂನ್ 7ರಂದು, ಆಗ ಮಾರ್ಮನ್ನರು ನೆಲೆಸಿದ್ದ ಇಲಿನಾಯ್‌ನ ನೌವೂ ಪಟ್ಟಣದಲ್ಲಿ, 'ನೌವೂ ಎಕ್ಸ್‌ಪಾಸಿಟರ್' ಎಂಬ ನಾಲ್ಕು ಪುಟದ ಪತ್ರಿಕೆ ಹೊರಬಂತು. ಮೊದಲ ಸಂಚಿಕೆಯೇ ಕೊನೆಯ ಸಂಚಿಕೆ; ಮೂರು ದಿನಕ್ಕೆ ನಗರಸಭೆ ಮುದ್ರಣಯಂತ್ರವನ್ನೇ ಒಡೆಸಿತು. ಮೇಯರ್ ಆಗಿದ್ದವರು ಜೋಸೆಫ್ ಸ್ಮಿತ್. ಆ ಒಡೆತದ ಮೊಕದ್ದಮೆಯೇ ಅವರನ್ನು ಕಾರ್ಥೇಜ್ ಜೈಲಿನ ದಾರಿ ಹಿಡಿಸಿತು. ಪತ್ರಿಕೆಯನ್ನು ಹೊರತಂದವರು ಪರಕೀಯರಲ್ಲ. ವಿಲಿಯಂ ಲಾ ಅದೇ ವರ್ಷದ ಆರಂಭದವರೆಗೂ ಜೋಸೆಫ್ ಅವರ ಆಪ್ತ ಸಲಹೆಗಾರರಾಗಿದ್ದವರು. ಅದರಲ್ಲಿ ಆಸ್ಟಿನ್ ಕೌಲ್ಸ್ ಎಂಬ ಹಿರಿಯರ ಪ್ರಮಾಣಪತ್ರವಿದೆ: 1843ರ ಬೇಸಿಗೆಯ ಕೊನೆಯಲ್ಲಿ ಚರ್ಚಿನ ಮಂಡಳಿಯ ಮುಂದೆ ಹೈರಮ್ ಒಂದು ದೈವವಾಣಿಯನ್ನು ಓದಿದರು, ಅದರಲ್ಲಿ ಹಲವು ಹೆಂಡಿರನ್ನು ಕಟ್ಟಿಕೊಳ್ಳುವ ಬೋಧನೆಯಿತ್ತು, ಬೈಬಲಿನ ರಾಜರಾದ ದಾವೀದನಿಗೂ ಸೊಲೊಮೋನನಿಗೂ ಅನೇಕ ಹೆಂಡಿರಿದ್ದರೂ ಊರಿಯನ ಪ್ರಸಂಗವೊಂದನ್ನು (ದಾವೀದ ಊರಿಯನ ಹೆಂಡತಿಯನ್ನು ಕೂಡಿ ಅವನನ್ನು ಕೊಲ್ಲಿಸಿದ್ದನ್ನು) ಬಿಟ್ಟರೆ ಅದರಲ್ಲಿ ಪಾಪವಿರಲಿಲ್ಲ ಎಂದಿತ್ತು.

ಈಗ 1852ರಲ್ಲಿ ಯೂಟಾದಲ್ಲಿ ಹೊರಬಿದ್ದ ಪಾಠವನ್ನು ತೆಗೆದು ನೋಡಿ. ಇಂದಿನ ಗ್ರಂಥದಲ್ಲಿ ಅದು 132ನೆಯ ಅಧ್ಯಾಯ. ದಾವೀದ, ಸೊಲೊಮೋನ, ಊರಿಯನ ಪ್ರಸಂಗವೊಂದರ ಹೊರತು ಪಾಪವಿಲ್ಲ ಎಂಬ ಮಾತು, ಎಲ್ಲವೂ ಅಲ್ಲಿವೆ. ಬ್ರಿಗಮ್ ಯಂಗ್ ಆಮೇಲೆ ಕುಳಿತು ಕಟ್ಟಿದ ಕತೆಯಾಗಿದ್ದರೆ, ಅದರ ಒಳಗಿನ ಮಾತುಗಳು ಎಂಟು ವರ್ಷ ಮೊದಲೇ, ಜೋಸೆಫ್ ಬದುಕಿದ್ದಾಗಲೇ, ಅವರ ವಿರೋಧಿಗಳ ಪತ್ರಿಕೆಯಲ್ಲಿ ಹೇಗೆ ಅಚ್ಚಾದವು? ಆ ದಿನಗಳಲ್ಲಿ ಯಂಗ್ ಊರಿನಲ್ಲೇ ಇರಲಿಲ್ಲ, ಪೂರ್ವದ ರಾಜ್ಯಗಳಲ್ಲಿ ಜೋಸೆಫ್ ಅವರ ಅಧ್ಯಕ್ಷೀಯ ಚುನಾವಣೆಯ ಪ್ರಚಾರದಲ್ಲಿದ್ದರು. ಲಾ ಮತ್ತು ಕೌಲ್ಸ್ ಮುಂದೆ ಯಂಗ್ ಬಳಗ ಸೇರಿದವರೂ ಅಲ್ಲ. ಎರಡು ಶತ್ರುಪಕ್ಷಗಳು ಒಂದೇ ಮಾತನ್ನು ಹೇಳಿದಾಗ ನನಗೆ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಆದರೂ ಇದೆ: ಗುಮಾಸ್ತ ವಿಲಿಯಂ ಕ್ಲೇಟನ್ ಅವರ ದಿನಚರಿ. ಬೆಳಿಗ್ಗೆ ಹತ್ತು ಪುಟದ ದೈವವಾಣಿಯನ್ನು ಬರೆದುಕೊಂಡೆ, ಜೋಸೆಫ್ ಮತ್ತು ಹೈರಮ್ ಅದನ್ನು ಎಮ್ಮಾ ಅವರಿಗೆ ಓದಿ ಹೇಳಿದರು, ಆಕೆ ಇದರ ಒಂದು ಮಾತನ್ನೂ ನಂಬುವುದಿಲ್ಲವೆಂದು ತಿರುಗಿಬಿದ್ದರು ಎಂದು 1843ರ ಜುಲೈ 12ರ ಪುಟ ಹೇಳುತ್ತದೆ. ಆ ಮೂಲಪ್ರತಿಯನ್ನು ಎಮ್ಮಾ ಸುಟ್ಟರೆಂದು ಯಂಗ್ ಹೇಳಿದರು. ಅಂಥ ಕಾಗದವನ್ನು ತಾನು ಕಂಡೇ ಇಲ್ಲ ಎಂದರು ಎಮ್ಮಾ.

ಹಾಗಾದರೆ ಬಹಿರಂಗವಾಗಿ ಅಷ್ಟೊಂದು ನಿರಾಕರಣೆ ಏಕೆ? 1842ರ ಅಕ್ಟೋಬರಿನಲ್ಲಿ ಚರ್ಚಿನ ಪತ್ರಿಕೆಯಲ್ಲಿ ಬಂದ ಒಂದು ಹೇಳಿಕೆ ನೋಡಿ. ಮೇಯರ್ ಪದವಿಯಿಂದ ಇಳಿದು ಚರ್ಚಿನಿಂದಲೂ ಉಚ್ಚಾಟನೆಗೊಂಡ ಜಾನ್ ಬೆನೆಟ್ ಹೊರಗೆ ಹೋಗಿ ನೌವೂವಿನ ಗುಟ್ಟುಗಳನ್ನು ಡಂಗುರ ಸಾರುತ್ತಿದ್ದ ಕಾಲ. ಅದಕ್ಕೆ ಉತ್ತರವಾಗಿ, ಅಚ್ಚಾದ ವಿವಾಹ ನಿಯಮದ ಹೊರತು ಬೇರೆ ಯಾವ ಪದ್ಧತಿಯೂ ನಮಗೆ ಗೊತ್ತಿಲ್ಲ ಎಂದು ಹೆಂಗಸರು ಸಹಿ ಹಾಕಿದರು. ಮೊದಲ ಹೆಸರು ಎಮ್ಮಾ ಅವರದು. ಸಹಿ ಹಾಕಿದವರಲ್ಲಿ ಎಲೈಜಾ ಸ್ನೋ ಇದ್ದಾರೆ. ಆಕೆಯದೇ ಮುಂದಿನ ಮಾತಿನ ಪ್ರಕಾರ ಅದೇ ಜೂನ್‌ನಲ್ಲಿ ಜೋಸೆಫ್ ಅವರೊಡನೆ ಆಕೆಯ ಮದುವೆಯಾಗಿತ್ತು. ಎಲಿಜಬೆತ್ ಆನ್ ವಿಟ್ನಿ ಇದ್ದಾರೆ. ಜುಲೈಯಲ್ಲಿ ತಮ್ಮ ಮಗಳನ್ನೇ ಅವರಿಗೆ ಕೊಟ್ಟು ಮದುವೆ ಮಾಡಿದ್ದ ತಾಯಿ. ನಾವು ನಿರಾಕರಿಸಿದ್ದು ಬೆನೆಟ್‌ನ ಲಂಪಟತನವನ್ನು, ದೇವರ ಅಪ್ಪಣೆಯ ಮದುವೆಯನ್ನಲ್ಲ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. 'ಅಶ್ವತ್ಥಾಮ ಹತಃ' ಎಂಬುದನ್ನು ಕೇಳಿ ಬೆಳೆದ ನಮಗೆ ಈ ವರಸೆ ತಿಳಿಯದ್ದೇನಲ್ಲ. ಆದರೆ ಹೀಗೆ ಸಹಿ ಹಾಕಿಸಿದ ಮೇಲೆ, ಆ ಕಾಗದವನ್ನು ನೇರವಾಗಿ ನಂಬುವ ಮರಿಮಕ್ಕಳನ್ನು ದಡ್ಡರೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನಿಜವಾಗಿ ತೀರದ ಪ್ರಶ್ನೆ ಯಾರದು ಎಂಬುದಲ್ಲ, ಯಾವಾಗ ಎಂಬುದು. ನೌವೂವಿನ ಮೊದಲ ಮದುವೆಯೆಂದು 1841ರ ಏಪ್ರಿಲಿನಲ್ಲಿ ನಡೆದ ಲೂಯಿಸಾ ಬೀಮನ್ ಅವರದನ್ನು ಎಣಿಸುತ್ತಾರೆ. ಅದಕ್ಕೂ ಮೊದಲು, 1830ರ ದಶಕದಲ್ಲಿ, ಒಹಾಯೊದ ಕರ್ಟ್‌ಲೆಂಡ್‌ನಲ್ಲಿ ಸ್ಮಿತ್ ಮನೆಯಲ್ಲಿ ಕೆಲಸಕ್ಕಿದ್ದ ಫ್ಯಾನಿ ಆಲ್ಜರ್ ಎಂಬ ತರುಣಿಯ ಪ್ರಕರಣವಿದೆ. ಒಂದು ಕಾಲಕ್ಕೆ ಜೋಸೆಫ್ ಅವರ ಬಲಗೈಯಾಗಿದ್ದ ಆಲಿವರ್ ಕೌಡರಿ 1838ರ ಪತ್ರದಲ್ಲಿ ಅದನ್ನು ಹೊಲಸು ಪ್ರಕರಣವೆಂದು ಕರೆದರು. ನಂಬುವವರು ಅದನ್ನು ಮೊದಲ ಬಹುಪತ್ನಿ ಮದುವೆ ಎನ್ನುತ್ತಾರೆ. ಕೌಡರಿ ಕಣ್ಣಿಗೆ ಅದು ಮದುವೆಯಾಗಿ ಕಾಣಲಿಲ್ಲ. ಜೋಸೆಫ್ ಬೈಬಲಿನ ಹಳೆಯ ಒಡಂಬಡಿಕೆಯನ್ನು ಪರಿಷ್ಕರಿಸುವಾಗ ಅಬ್ರಹಾಮನ ಹೆಂಡಿರ ಬಗ್ಗೆ ಎದ್ದ ಪ್ರಶ್ನೆಯೇ ಬೀಜ ಎಂದು ಚರ್ಚಿನ ವಿವರಣೆ. ಆಸೆಯೇ ಮೊದಲು, ದೈವವಾಣಿ ಆಮೇಲೆ ಎಂದು ಬಿಟ್ಟುಹೋದವರ ವಿವರಣೆ. ಮನುಷ್ಯನ ಮನಸ್ಸಿನೊಳಗೆ ಇಳಿದು ನೋಡುವ ಕಾಗದವನ್ನು ಯಾರೂ ಬರೆದಿಟ್ಟಿಲ್ಲ.

ನಿಮ್ಮ ಎರಡನೆಯ ಸಹೋದ್ಯೋಗಿಯ ನಗುವಿನ ಹಿಂದೆ ನೋವಿರಬಹುದು. 2014ರಲ್ಲಿ ಚರ್ಚೇ ಒಂದು ದೀರ್ಘ ಲೇಖನದಲ್ಲಿ ಒಪ್ಪಿಕೊಂಡಿತು: ಜೋಸೆಫ್ ಅವರ ಹೆಂಡಿರ ಸಂಖ್ಯೆ 30ರಿಂದ 40ರ ನಡುವೆ ಎಂದು ಎಚ್ಚರದ ಅಂದಾಜು; ಕೆಲವರಿಗೆ ಆಗಲೇ ಗಂಡಂದಿರಿದ್ದರು; ಹೆಲೆನ್ ಮಾರ್ ಕಿಂಬಾಲ್ ಅವರಿಗೆ ಇನ್ನೂ 15 ತುಂಬಿರಲಿಲ್ಲ. ಭಾನುವಾರದ ಪಾಠದಲ್ಲಿ ಇದನ್ನೆಂದೂ ಕೇಳದೆ ಬೆಳೆದ ಎಷ್ಟೋ ಮಂದಿಗೆ ಅಂದು ನೆಲ ಕುಸಿದಂತಾಯಿತು. ಕೆಲವರು ಚರ್ಚನ್ನು ಬಿಟ್ಟರು. ಇನ್ನು ಕೆಲವರು ಜೋಸೆಫ್ ಅವರನ್ನು ಉಳಿಸಿಕೊಳ್ಳಲು ಬ್ರಿಗಮ್ ಯಂಗ್ ತಲೆಗೆ ಎಲ್ಲವನ್ನೂ ಕಟ್ಟಿದರು. ಒಂದು ಕಾಲದಲ್ಲಿ ಎಮ್ಮಾ ಮಕ್ಕಳ ಪಕ್ಷದ್ದಾಗಿದ್ದ ವಾದ ಈಗ ಯೂಟಾದ ಮನೆಗಳೊಳಗೇ ಚಿಗುರಿರುವುದು ಹೀಗೆ. ನನ್ನ ನೆರೆಯ ಅಜ್ಜಿಯೊಬ್ಬರಿಗೆ ಈ ಹೊಸ ವಾದ ಕೇಳಿದರೆ ಕೆಂಡದಂಥ ಕೋಪ. ಗೋಡೆಗೆ ತೂಗುಹಾಕಿದ ವಂಶವೃಕ್ಷದಲ್ಲಿ ಒಬ್ಬ ಮುತ್ತಜ್ಜನ ಹೆಸರಿನಿಂದ ಮೂರು ಕೊಂಬೆ ಹೊರಟಿವೆ, ಮೂರನೆಯದರಲ್ಲಿ ಆಕೆಯ ಮುತ್ತಜ್ಜಿ. "ದೇವರು ಹೇಳದಿದ್ದದ್ದನ್ನು ಅವಳು ಸುಮ್ಮನೆ ಸಹಿಸಿಕೊಂಡಳೆನ್ನುತ್ತಾರೆಯೇ?" ಎಂದು ನನ್ನನ್ನೇ ಕೇಳಿದರು.

ನಾವು ಮೇಲೆ ಕುಳಿತು ನೋಡುವ ಪ್ರಶ್ನೆಯೂ ಇಲ್ಲ. ಮಕ್ಕಳಾಗಲಿಲ್ಲವೆಂದು ಎರಡನೆಯ ಮದುವೆ ಮಾಡಿಕೊಂಡ ಅಜ್ಜಂದಿರು ನಮ್ಮ ಕಡೆಯೂ ಇದ್ದರು. ಹಿಂದೂಗಳಿಗೆ ದೇಶಾದ್ಯಂತ ಅದನ್ನು ನಿಲ್ಲಿಸಿದ್ದು 1955ರ ವಿವಾಹ ಕಾಯ್ದೆ. ಇಲ್ಲಿಯ ಸುಪ್ರೀಂ ಕೋರ್ಟು 1879ರ ರೆನಾಲ್ಡ್ಸ್ ಪ್ರಕರಣದಲ್ಲಿ ಮಾರ್ಮನ್ನರ ಬಹುಪತ್ನಿತ್ವಕ್ಕೆ ಧರ್ಮದ ರಕ್ಷಣೆಯಿಲ್ಲ ಎಂದು ಹೇಳುವಾಗ, ಇದು ಏಷ್ಯಾ, ಆಫ್ರಿಕಗಳ ಜನರ ಪದ್ಧತಿ ಎಂದು ಮೂಗು ಮುರಿಯಿತು. ಗಂಡನ ಚಿತೆ ಏರುವುದು ಧರ್ಮವೆಂದು ಹೆಂಡತಿ ನಂಬಿದರೆ ಸರ್ಕಾರ ತಡೆಯಬಾರದೇ ಎಂದೂ ಕೇಳಿತು. ಅಂದರೆ ಇವರನ್ನು ಹೊಡೆಯಲು ಎತ್ತಿಕೊಂಡ ದೊಣ್ಣೆ ನಮ್ಮ ಕಡೆಯದು.

ಮುಂದಿನ ಸಲ ಮೇಜಿನಲ್ಲಿ ಕೇಳಿದರೆ, ಎಕ್ಸ್‌ಪಾಸಿಟರ್ ಓದಿದ್ದೀರಾ ಎಂದು ಕೇಳಿ ಸುಮ್ಮನಾಗಿ. ಬ್ರಿಗಮ್ ಯಂಗ್ ಅವರನ್ನು ದೂರುವವರೊಡನೆ ಒಬ್ಬರೇ ಇದ್ದಾಗ ನಿಮ್ಮ ಅನಿಸಿಕೆ ಹೇಳಿ, ಪರವಾಗಿಲ್ಲ. ಬಿಟ್ಟುಹೋದವರು ಗೇಲಿ ಮಾಡುವಾಗ ಜೊತೆಗೂಡಿ ನಗಬೇಡಿ. ಅವರ ತಾಯಿಯೂ ಅತ್ತೆಯೂ ಇನ್ನೂ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿರುತ್ತಾರೆ, ಅವರು ನಗಬಹುದಾದಷ್ಟು ನಾವು ನಗಲಾಗದು. 1847ರಲ್ಲಿ ಇವರು ಈ ಕಣಿವೆಗೆ ಬಂದ ನೆನಪಿಗೆ ಜುಲೈ 24ಕ್ಕೆ ಇಲ್ಲಿ ರಜೆ, ಮೆರವಣಿಗೆ, ಪಟಾಕಿ ಎಲ್ಲ ಇರುತ್ತದೆ. ಅದೇ ವಾರ ಸಾಲ್ಟ್ ಲೇಕ್‌ಗೆ ಬಂದರೆ ಬ್ರಿಗಮ್ ಯಂಗ್ ಹೆಂಡಿರು ಮಕ್ಕಳೊಂದಿಗೆ ಇದ್ದ ಲಯನ್ ಹೌಸ್ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲಿ, ಕಾಫಿಯೂ.