ಸ್ಕೀ ಸ್ಕಿನ್ನನ್ನು ಕತ್ತರಿಸುವುದು, ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಸಮೀಪ. ಎರಡು ಚಳಿಗಾಲ ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತಿದ್ದೇನೆ. ಬರುವ ಫೆಬ್ರವರಿಯಲ್ಲಿ ಗೊಂಡೋಲಾ (ಕೇಬಲ್ ಕಾರ್) ಹತ್ತದೆ, ಸ್ಕೀ ಕಟ್ಟಿಕೊಂಡೇ ಗುಡ್ಡ ಏರುವ ಸ್ಕೀ ಟೂರಿಂಗ್ ಮಾಡಬೇಕೆಂದು ಒಂದು ಜೊತೆ ಸ್ಕಿನ್, ಅಂದರೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ, ಕೊಂಡೆ. ಅದು ಉದ್ದಕ್ಕೂ 130 ಮಿ.ಮೀ. ಅಗಲದ ಪಟ್ಟಿ. ನನ್ನ ಸ್ಕೀಯ ಮುಂಭಾಗ 125 ಮಿ.ಮೀ., ನಡು 95 ಮಿ.ಮೀ. ಕತ್ತರಿಸಲು ಧೈರ್ಯ ಬರುತ್ತಿಲ್ಲ. ಗೆಳೆಯನೊಬ್ಬನ ಸ್ಕಿನ್ ಒಂದು ಮಳೆಗಾಲ ಕಪಾಟಿನಲ್ಲಿದ್ದು ಹಲಸಿನ ಮೇಣದಂತೆ ಅಂಟಂಟಾಗಿತ್ತು. ಎರಡಕ್ಕೂ ಕ್ರಮ ತಿಳಿಸುವಿರಾ?

ಉತ್ತರ: ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನೇ ಸ್ಕೀಯ ಅಡಿಗೆ ಕಟ್ಟುತ್ತಿದ್ದರು, ಸ್ಕಿನ್ ಎಂಬ ಹೆಸರು ಅಲ್ಲಿಂದ ಬಂದದ್ದು. ಈಗಿನವು ನೈಲಾನ್, ಅಂಗೋರಾ ಮೇಕೆಯ ಕೂದಲಾದ ಮೊಹೇರ್, ಅಥವಾ ಎರಡರ ಮಿಶ್ರಣದಿಂದ ನೇಯ್ದವು. ಒಂದು ಮೈಯಲ್ಲಿ ಅಂಟು, ಇನ್ನೊಂದರಲ್ಲಿ ಹಿಂದಕ್ಕೆ ಮಲಗಿದ ಕೂದಲು. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ಜಾರುತ್ತದೆ, ಎದುರು ಸವರಿದರೆ ತಡೆಯುತ್ತದೆ. ಏರಿನಲ್ಲಿ ಸ್ಕೀ ಮುಂದಕ್ಕೆ ಸರಿದು ಹಿಂದಕ್ಕೆ ಜಾರದಿರುವುದು ಇದೇ ಗುಣದಿಂದ.

ಕತ್ತರಿಸುವಾಗ ನೆನಪಿನಲ್ಲಿಡಬೇಕಾದದ್ದು ಸ್ಕೀಯ ಎರಡೂ ಬದಿಯ ಉಕ್ಕಿನ ಅಂಚು. ಗಟ್ಟಿಯಾಗಿ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಅಡ್ಡಲಾಗಿ ನಡೆಯುವಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಆ ಅಂಚೇ ಹೊರತು ಕೂದಲಲ್ಲ. ಸ್ಕಿನ್ ಅಂಚನ್ನು ಮುಚ್ಚಿದರೆ ಉಕ್ಕು ಹಿಮಕ್ಕೆ ಕಚ್ಚುವುದಿಲ್ಲ. ಹಾಗೆಂದು ತೀರಾ ಒಳಗೆ ಕತ್ತರಿಸಿದರೆ ನುಣುಪಾದ ತಳ ಹೊರಗೆ ಕಂಡು, ಕಡಿದಾದ ಏರಿನಲ್ಲಿ ಹಿಡಿತ ಕಡಿಮೆಯಾಗುತ್ತದೆ. ಉಕ್ಕಿನ ಅಂಚು ಪೂರ್ತಿ ಕಾಣಬೇಕು, ಅದರ ಪಕ್ಕದಲ್ಲಿ ತಳ ಒಂದು ಮಿ.ಮೀ.ನಷ್ಟು ಮಾತ್ರ ಕಾಣಬೇಕು. ಇಷ್ಟನ್ನು ಸಾಧಿಸಿದರೆ ನಿಮ್ಮ ಕೆಲಸ ಸರಿಯಾದಂತೆ.

ಮೊದಲು ಉದ್ದ, ಆಮೇಲೆ ಅಗಲ. ಸ್ಕೀಯನ್ನು ತಳ ಮೇಲಾಗುವಂತೆ ಮೇಜಿನ ಮೇಲೆ ಅಲುಗಾಡದಂತೆ ಕಟ್ಟಿ, ತಳವನ್ನು ಒಣಬಟ್ಟೆಯಿಂದ ಒರೆಸಿ. ಸ್ಕಿನ್ನಿನ ಮುಂದಿನ ಕೊಂಡಿಯನ್ನು ಸ್ಕೀಯ ಮೂತಿಗೆ ಸಿಕ್ಕಿಸಿ, ಹಿಂದಿನ ಕ್ಲಿಪ್ಪನ್ನು ಎಳೆದು ಬಿಗಿಯನ್ನು ಹೊಂದಿಸಿಕೊಳ್ಳಿ. ಅನಂತರ ಪಟ್ಟಿ ಎರಡೂ ಬದಿಗೆ ಸಮನಾಗಿ ಹೊರಚಾಚುವಂತೆ ನಡುವಿನಲ್ಲಿ ಅಂಟಿಸಿ ಒತ್ತಿ. ಜೊತೆಗೆ ಬರುವ ಕೆಲವು ಉಪಕರಣಗಳಲ್ಲಿ ಅಂಚಿನಷ್ಟು ಒಳಗೆ ಕತ್ತರಿಸುವಂತೆ ಬ್ಲೇಡನ್ನು ಕೂರಿಸಿರುತ್ತಾರೆ. ಅಂಥದ್ದಿದ್ದರೆ ಮೂತಿಯಿಂದ ಬಾಲದವರೆಗೆ ನಿಲ್ಲಿಸದೆ ಎಳೆದರೆ ಸಾಕು. ಬರಿಯ ಚಾಕುವಿದ್ದರೆ ಹೀಗೆ ಮಾಡಿ: ಬಲ ಅಂಚನ್ನು ಕತ್ತರಿಸುವ ಮುನ್ನ ಸ್ಕಿನ್ನನ್ನು ಎಬ್ಬಿಸಿ, ನಡುವಿನಿಂದ ಮೂರು ಮಿ.ಮೀ. ಬಲಕ್ಕೆ ಸರಿಸಿ ಅಂಟಿಸಿ, ಉಕ್ಕಿನ ಹೊರಅಂಚಿಗೆ ಸರಿಯಾಗಿ ಕತ್ತರಿಸಿ. ಎಡ ಅಂಚಿಗೆ ನಡುವಿನಿಂದ ಅಷ್ಟೇ ಎಡಕ್ಕೆ ಸರಿಸಿ. ಕೊನೆಗೆ ನಡುವಿಗೆ ತಂದಾಗ ಎರಡೂ ಬದಿಯಲ್ಲಿ ಉಕ್ಕು ತಾನಾಗಿ ಹೊರಗೆ ಬರುತ್ತದೆ.

ಬ್ಲೇಡು ಹೊಸದಾಗಿರಲಿ, ಎರಡನೆಯ ಸ್ಕಿನ್ನಿಗೆ ಮತ್ತೊಂದು ಹೊಸ ಬ್ಲೇಡು ಹಾಕಿ. ಮೊಂಡಾದ ಬ್ಲೇಡು ಬಟ್ಟೆಯ ನೂಲನ್ನು ಕೀಳುತ್ತದೆ, ಕಿತ್ತ ನೂಲಿನಿಂದಲೇ ಮುಂದೆ ಅಂಚು ಬಿಚ್ಚಿಕೊಳ್ಳುತ್ತದೆ. ಮೂತಿ ಮೇಲಕ್ಕೆ ಬಾಗುವಲ್ಲಿ ಮಾತ್ರ ಇನ್ನೂ ಸ್ವಲ್ಪ ಒಳಗೆ, ದುಂಡಗೆ ಕತ್ತರಿಸಿ. ಅಲ್ಲಿ ಅಗಲ ಉಳಿದರೆ ಹಿಮ ಅದರ ಅಡಿಗೆ ನುಗ್ಗಿ ಅಂಟನ್ನು ಬಿಡಿಸುತ್ತದೆ. ಎಡ, ಬಲ ಎಂದು ಗುರುತು ಹಾಕಲು ಮರೆಯದಿರಿ. ಕತ್ತರಿಸಿ ಬಿದ್ದ ಪಟ್ಟಿಗಳನ್ನು ಎಸೆಯಬೇಡಿ, ಅವುಗಳಿಂದ ಕೆಲಸವಿದೆ.

ಇನ್ನು ಕಾಪಾಡುವ ವಿಷಯ. ನಮ್ಮ ಕಡೆ ಸ್ಕಿನ್ ಹಾಳಾಗುವುದು ಹಿಮದಲ್ಲಿ ಅಲ್ಲ, ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಮನೆಯೊಳಗೆ. ಇದನ್ನು ನಾನು ನನ್ನ ಮೊದಲ ಜೊತೆಯನ್ನು ಕಳೆದುಕೊಂಡೇ ಕಲಿತೆ. ಗುಲ್ಮಾರ್ಗಿನಲ್ಲಿ ಸಂಜೆ ಒದ್ದೆ ಸ್ಕಿನ್ನನ್ನು ಕೋಣೆ ಬೆಚ್ಚಗಿಡುವ ಬುಖಾರಿ ಒಲೆಯ ಪಕ್ಕದಲ್ಲಿ ತೂಗುಹಾಕಿದ್ದೆ, ಊರಿಗೆ ಬಂದ ಮೇಲೆ ಹಂಚಿನಡಿಯ ಅಟ್ಟದಲ್ಲಿಟ್ಟಿದ್ದೆ. ಆಟಿಯಲ್ಲಿ (ಜುಲೈ-ಆಗಸ್ಟ್) ತೆಗೆದು ನೋಡುವಾಗ ಕೂದಲಿನ ಮೇಲೆ ಬಿಳಿಯ ಬೂಸಲು; ಅಂಟು ಅಂಟಿಗೆ ಕೂಡಿಕೊಂಡಿದ್ದ ಮಡಿಕೆಯನ್ನು ಬಿಡಿಸಹೋದರೆ ಒಂದು ಮೈಯ ಅಂಟು ಬಟ್ಟೆ ಬಿಟ್ಟು ಎಳೆಎಳೆಯಾಗಿ ಇನ್ನೊಂದರ ಜೊತೆ ಬಂತು. ಕಾವು ಅಂಟನ್ನು ಮೆತ್ತಗೆ ಮಾಡಿತ್ತು, ತೇವ ಬೂಸಲನ್ನು ತಂದಿತ್ತು. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಎರಡನ್ನೂ ತಡೆಯಬೇಕು.

ಆದುದರಿಂದ ಒಲೆ, ಹೀಟರ್, ಬಿಸಿಲು ಯಾವುದೂ ಬೇಡ. ಬಚ್ಚಲೊಲೆಯ ಮೇಲಿನ ಹಗ್ಗವಂತೂ ಬೇಡವೇ ಬೇಡ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಧೂಳು, ನಾರು ತಾಗದಂತೆ ತೂಗುಹಾಕಿ. ಕೂದಲಿನ ಬುಡವನ್ನು ಬೆರಳಿನಿಂದ ಬಿಡಿಸಿ ಮುಟ್ಟಿದಾಗಲೂ ತಣ್ಣನೆಯ ತೇವ ಸಿಗದಿದ್ದರೆ ಮಾತ್ರ ಒಣಗಿದೆ ಎನ್ನಬಹುದು. ಒಂದೆರಡು ದಿನದ ಮಟ್ಟಿಗೆ ಅಂಟಿಗೆ ಅಂಟು ಸೇರಿಸಿ ಮಡಿಸಿದರೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಇಡುವಾಗ ನಡುವೆ ಜಾಲರಿ ಬಟ್ಟೆ ಇರಲೇಬೇಕು. ಹಲಸಿನ ಹಪ್ಪಳವನ್ನು ಮಳೆಗಾಲಕ್ಕೆ ಇಡುವಂಥ ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿಡಿ. ಜಾಗವಿದ್ದರೆ ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡುವುದು ಇನ್ನೂ ಒಳ್ಳೆಯದು. ಆದರೆ ಹೊರತೆಗೆದ ಮೇಲೆ ಚೀಲ ಕೋಣೆಯ ಕಾವಿಗೆ ಬರುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ನಮ್ಮ ಗಾಳಿಯ ತೇವ ತಣ್ಣನೆಯ ಅಂಟಿನ ಮೇಲೆ ನೀರಾಗಿ ಕೂರುತ್ತದೆ.

ಹಿಮದಲ್ಲಿರುವಾಗ ಎರಡು ಎಚ್ಚರ ಸಾಕು. ಏರಿ ಮುಗಿದ ಮೇಲೆ ಬಿಚ್ಚಿದ ಸ್ಕಿನ್ನನ್ನು ಚೀಲಕ್ಕೆ ಹಾಕದೆ ಜಾಕೆಟ್ಟಿನೊಳಗೆ ಮೈಗೆ ಹತ್ತಿರ ಇಟ್ಟುಕೊಳ್ಳಿ, ತಣ್ಣಗಾದ ಅಂಟು ಎರಡನೆಯ ಏರಿಗೆ ಹಿಡಿಯುವುದಿಲ್ಲ. ಬಿಸಿಲಿಗೆ ನೆನೆದ ಹಿಮದಿಂದ ನೆರಳಿನ ಒಣ ಹಿಮಕ್ಕೆ ಹೋದಾಗ ಕೂದಲಿಗೆ ಹಿಮದ ಮುದ್ದೆ ಕಟ್ಟಿದರೆ, ಸ್ಕಿನ್ ಮೇಣವನ್ನು ಕೂದಲು ಮಲಗಿದ ದಿಕ್ಕಿಗೇ ತಿಕ್ಕಿ.

ಅಂಟು ಸ್ಕೀಯ ತಳಕ್ಕೆ ಮೆತ್ತಿಕೊಂಡು ಉಳಿಯತೊಡಗಿದರೆ ಹಳೆಯದನ್ನು ತೆಗೆದು ಹೊಸದು ಹಚ್ಚುವ ಕಾಲ ಬಂದಿದೆ. ಅಂಟಿನ ಮೇಲೆ ಕಂದು ಕಾಗದ ಹಾಸಿ ಹದವಾದ ಇಸ್ತ್ರಿ ಆಡಿಸಿದರೆ ಅಂಟು ಕಾಗದಕ್ಕೆ ಹತ್ತಿಬರುತ್ತದೆ. ಹೊಸದನ್ನು ತೆಳುವಾಗಿ ಹಚ್ಚಿ ಪೂರ್ತಿ ಒಣಗಿಸಬೇಕು. ಇಸ್ತ್ರಿಯ ಹದವನ್ನು ಮೊದಲು ನೀವು ಎತ್ತಿಟ್ಟ ಪಟ್ಟಿಯ ಮೇಲೆ ಪರೀಕ್ಷಿಸಿ. ಇನ್ನೊಂದು ಪಟ್ಟಿಯನ್ನು ಜಾಲರಿ ಬಟ್ಟೆಯ ತುಂಡಿಗೆ ಅಂಟಿಸಿ ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದೊಂದನ್ನೇ ಎಳೆದು ನೋಡಿದರೆ, ಮಡಿಸಿಟ್ಟ ಜೊತೆಯನ್ನು ಬಿಚ್ಚದೆಯೇ ಅದರ ಅಂಟಿನ ಸ್ಥಿತಿ ತಿಳಿಯುತ್ತದೆ.