ಸೂಜಿಗೆ ಹೆದರುತ್ತೀರಿ, ಪೊಟ್ಟಣಕ್ಕೆ ಯಾಕೆ ಹೆದರಲ್ಲ?

ಚೀನೀ ವೈದ್ಯದ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: "ಡಾಕ್ಟ್ರೇ, ಆ ಸೂಜಿ ನೋಯುತ್ತಾ?" ನಾನು ನೋವಿನ ಕ್ಲಿನಿಕ್ ನಡೆಸುವವನು. ಎಂಬಿಬಿಎಸ್ ಆದಮೇಲೆ ಚೀನಾದ ನಾನ್‌ಜಿಂಗ್‌ನಲ್ಲಿ ಮೂರು ತಿಂಗಳು ಆಕ್ಯುಪಂಕ್ಚರ್ ಕಲಿತು ಬಂದೆ. ಇಷ್ಟು ವರ್ಷದಲ್ಲಿ ಸೂಜಿ ಬಗ್ಗೆ ಕೇಳದವರಿಲ್ಲ. "ಈ ಕಷಾಯದ ಪೊಟ್ಟಣದಲ್ಲಿ ಏನಿದೆ?" ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಉದ್ದದ ಉತ್ತರ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನಗೆ 41 ವರ್ಷ. ಊರು ದಾವಣಗೆರೆ, ಕೆಲಸ ಚೀನಾದ ಗ್ವಾಂಗ್‌ಝೌನಲ್ಲಿ. ಎರಡು ವರ್ಷದಿಂದ ಸೊಂಟನೋವು. ಸ್ಕ್ಯಾನ್ ಆಗಿದೆ, ಆಪರೇಷನ್ ಬೇಡ ಎಂದಿದ್ದಾರೆ. ಆಫೀಸಿನವರು ಇಲ್ಲಿನ ಚೀನೀ ವೈದ್ಯದ ಆಸ್ಪತ್ರೆಗೆ ಹೋಗು ಅನ್ನುತ್ತಾರೆ. ಅಲ್ಲಿ ಏನು ಮಾಡುತ್ತಾರೆ? ಸೂಜಿ ನೋಯುತ್ತಾ? ಕಷಾಯ ಕೊಟ್ಟರೆ ಕುಡಿಯಬಹುದಾ? ಅಮ್ಮನಿಗೂ ಮಂಡಿನೋವು, ಊರಿಗೆ ಬರುವಾಗ ಅವರಿಗೂ ಒಂದಷ್ಟು ತರಲಾ? ಅವರು ಬಿಪಿ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ.

ಮೊದಲು ಸೂಜಿ ವಿಷಯ ಮುಗಿಸೋಣ. ಇಂಜೆಕ್ಷನ್ ಸೂಜಿ ಸುಮಾರು 0.6ರಿಂದ 0.8 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಆಕ್ಯುಪಂಕ್ಚರ್ ಸೂಜಿ 0.25, ಹೆಚ್ಚೆಂದರೆ 0.30. ತುದಿ ಹಿಡಿದರೆ ತಂತಿಯ ಹಾಗೆ ಬಾಗುತ್ತದೆ. ಒಳಗೆ ಹೋಗುವಾಗ ಸೊಳ್ಳೆ ಕಡಿದಷ್ಟು. ಆಮೇಲೆ ಡಾಕ್ಟರು ಸೂಜಿಯನ್ನು ಎರಡು ಬೆರಳಲ್ಲಿ ತಿರುವುತ್ತಾರೆ. ಆಗ ಒಳಗೆ ಏನೋ ಭಾರ, ಜೋಮು, ಹಿಡಿದು ಎಳೆದ ಹಾಗೆ ಆಗುತ್ತದೆ. ಚೀನೀಯರು ಅದಕ್ಕೆ "ದೆ ಛೀ" ಅನ್ನುತ್ತಾರೆ. ಅದು ಬಂದರೆ ಅವರಿಗೆ ಖುಷಿ. ನೀವು "ಅಯ್ಯೋ" ಅಂದರೆ ಅವರು "ಹಾಂ, ಸರಿ" ಎಂದು ತಲೆ ಆಡಿಸುತ್ತಾರೆ. ಗಾಬರಿ ಬೇಡ.

ಆಸ್ಪತ್ರೆ ನಮ್ಮ ಸರ್ಕಾರಿ ಆಸ್ಪತ್ರೆಯಷ್ಟೇ ರಶ್. ಮೊಬೈಲಲ್ಲೇ ನೋಂದಣಿ. ಡಾಕ್ಟರು ನಾಲಗೆ ಚಾಚಿ ಅನ್ನುತ್ತಾರೆ. ಅವತ್ತು ಕಾಫಿ ಕುಡಿದು ಹೋಗಬೇಡಿ, ನಾಲಗೆ ಉಜ್ಜಿಕೊಂಡೂ ಹೋಗಬೇಡಿ, ಅವರು ನೋಡುವುದೇ ಅದರ ಬಣ್ಣ ಮತ್ತು ಪದರ. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ದೊಡ್ಡ ಆಸ್ಪತ್ರೆಯಾದರೆ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಅಲ್ಲೇ ಇರುತ್ತದೆ. ನಾಡಿ ಹಿಡಿದು ಎಂಆರ್‌ಐ ಬರೆದುಕೊಡುವುದು ಅಲ್ಲಿ ವಿಚಿತ್ರ ಅಲ್ಲವೇ ಅಲ್ಲ.

ಸೊಂಟಕ್ಕೆ ನೋವು, ಸೂಜಿ ಮಂಡಿಯ ಹಿಂಭಾಗಕ್ಕೆ. ಇದು ಎಲ್ಲರನ್ನೂ ಆಶ್ಚರ್ಯಪಡಿಸುತ್ತದೆ. ಅಲ್ಲಿ ಮಡಿಕೆಯ ನಡುವೆ "ವೇಯ್‌ಝೋಂಗ್" ಅನ್ನುವ ಬಿಂದು ಇದೆ. ಸೊಂಟ, ಬೆನ್ನಿಗೆ ಅದನ್ನೇ ಹುಡುಕು ಎಂದು ಹಳೇ ಪಾಠ. ಸೊಂಟದಲ್ಲೂ ನಾಲ್ಕಾರು ಹಾಕುತ್ತಾರೆ. ಮೇಲೊಂದು ಕೆಂಪು ಬಿಸಿ ದೀಪ ಬಗ್ಗಿಸಿ, ಪರದೆ ಎಳೆದು ಹೋಗುತ್ತಾರೆ. ಇಪ್ಪತ್ತು–ಮೂವತ್ತು ನಿಮಿಷ. ಪಕ್ಕದ ಮಂಚದವರು ಗೊರಕೆ ಹೊಡೆಯುತ್ತಿರುತ್ತಾರೆ. ಜೊತೆಗೆ "ತುಯಿನಾ" ಅನ್ನುವ ಮಾಲೀಷು ಇರಬಹುದು. ಸ್ಪಾ ಮಾಲೀಷು ಅಂದುಕೊಂಡು ಹೋದರೆ ಮೊಣಕೈ ಬಿದ್ದಾಗ ಗೊತ್ತಾಗುತ್ತೆ. ಇಲ್ಲವೇ ಒಣಗಿಸಿದ ಸೊಪ್ಪಿನ ಸುರುಳಿ ಹಚ್ಚಿ ಚರ್ಮದ ಹತ್ತಿರ ಹಿಡಿದು ಕಾವು ಕೊಡುತ್ತಾರೆ. ಅದು ನಮ್ಮ ಮಾಚಿಪತ್ರೆ, ದವನದ ಬಳಗದ ಗಿಡ. ಹೊಗೆ ಕೂದಲಿಗೆ ಅಂಟಿ ಎರಡು ದಿನ ಹೋಗಲ್ಲ. ಕಾವು ಚುರ್ ಅಂದರೆ ತಕ್ಷಣ ಹೇಳಿ. ಶುಗರ್‌ನಿಂದ ಕಾಲು ಮರಗಟ್ಟಿದವರು ಈ ಕಾವಿನ ತಂಟೆಗೇ ಹೋಗಬೇಡಿ.

ತಿಂಡಿ ತಿಂದು ಹೋಗಿ. ನಾನ್‌ಜಿಂಗ್‌ನಲ್ಲಿ ಒಂದು ಬೆಳಿಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಡಿದ್ದೆ. ನನ್ನ ಕೈ ಮೇಲೆ ಸೂಜಿ ಹಾಕಿ ತೋರಿಸಿದರು. ಎಚ್ಚರ ಆದಾಗ ನೆಲದ ಮೇಲಿದ್ದೆ, ಮೇಷ್ಟ್ರು ಸಕ್ಕರೆ ನೀರು ಹಿಡಿದು ನಿಂತಿದ್ದರು.

ಗುಣ ಆಗುತ್ತಾ? ಜರ್ಮನಿಯಲ್ಲಿ ಸೊಂಟನೋವಿನ 1162 ಜನರ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸರಿಯಾದ ಬಿಂದುವಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತ್ತು. ಬೇಕೆಂದೇ ಬಿಂದು ತಪ್ಪಿಸಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದವರಲ್ಲಿ ಶೇ. 27.4. ಅಂದರೆ ಚುಚ್ಚಿದರೆ ಉಪಯೋಗ ಇದೆ, ಎಲ್ಲಿ ಚುಚ್ಚಿದರು ಅನ್ನುವುದು ಅಷ್ಟೇನೂ ಲೆಕ್ಕಕ್ಕಿಲ್ಲ. ಬಿಂದುಗಳನ್ನು ಬಾಯಿಪಾಠ ಮಾಡಿದ ನನಗೆ ಇದನ್ನು ಬರೆಯುವುದು ಖುಷಿಯ ಕೆಲಸ ಅಲ್ಲ. ಆದರೆ ಲೆಕ್ಕ ಲೆಕ್ಕವೇ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದು ಬೇಡ ಎಂದಿತು, 2021ರಲ್ಲಿ ಕಾರಣ ಸಿಗದ ದೀರ್ಘಕಾಲದ ನೋವಿಗೆ ನೋಡಬಹುದು ಎಂದಿತು. ಅಷ್ಟು ಗೊಂದಲ ಇರುವ ವಿಷಯ. ಅಲ್ಲಿ ಹತ್ತು ಸಲಕ್ಕೆ ಒಂದು ಸುತ್ತು ಅನ್ನುತ್ತಾರೆ. ನನ್ನ ಮಾತು ಕೇಳುವುದಾದರೆ, ಆರು ಸಲ ನೋಡಿ. ನಿದ್ದೆ, ನಡಿಗೆ ಎರಡರಲ್ಲೂ ಏನೂ ವ್ಯತ್ಯಾಸ ಇಲ್ಲ ಅಂದರೆ ಬಿಟ್ಟುಬಿಡಿ. ಕಾಲು ಸೋತರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಸೂಜಿ ಅಲ್ಲ, ಅದೇ ದಿನ ಎಮರ್ಜೆನ್ಸಿ.

ಈಗ ಕಷಾಯ. ಆಸ್ಪತ್ರೆಯಲ್ಲೇ ಕುದಿಸಿ, ಹಾಲಿನ ಪ್ಯಾಕೆಟ್ಟಿನ ಹಾಗೆ ಸೀಲ್ ಮಾಡಿ ಕೊಡುತ್ತಾರೆ. ಕಂದು ಬಣ್ಣ, ಬೇವಿನ ಜೊತೆ ಮಣ್ಣು ಕಲಸಿದ ರುಚಿ. ಬಿಸಿನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು. ಸೊಪ್ಪು–ಬೇರು ತಾನೇ, ಏನಾಗುತ್ತೆ ಅನ್ನುವವರಿಗೆ ಒಂದು ಕಥೆ.

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ಹೆಂಗಸರಿಗೆ ಇದ್ದಕ್ಕಿದ್ದಂತೆ ಕಿಡ್ನಿ ಕೈಕೊಡತೊಡಗಿತು. ಎಲ್ಲರೂ ತೂಕ ಇಳಿಸಲು ಒಂದು ಕ್ಲಿನಿಕ್ಕಿನಲ್ಲಿ ಮಾತ್ರೆ ನುಂಗಿದವರು. ಅದರಲ್ಲಿ ಚೀನೀ ಬೇರುಗಳೂ ಇದ್ದವು. ಇರಬೇಕಾಗಿದ್ದದ್ದು "ಹಾನ್ ಫಾಂಗ್‌ಜಿ". ಹೆಸರಿನ ಹೋಲಿಕೆಯಿಂದ ಬಂದು ಸೇರಿದ್ದು "ಗ್ವಾಂಗ್ ಫಾಂಗ್‌ಜಿ". ಎರಡನೆಯದು ಅರಿಸ್ಟೊಲೋಕಿಯಾ ಜಾತಿಯ ಗಿಡ, ಅದರ ಆಮ್ಲ ಕಿಡ್ನಿಯನ್ನು ಒಣಗಿಸುತ್ತದೆ. ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಎಷ್ಟೋ ಜನಕ್ಕೆ ಡಯಾಲಿಸಿಸ್, ಕಸಿ ಬೇಕಾಯಿತು. ಕೆಲವರಿಗೆ ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರ್ ಬಂತು. ಚೀನಾ 2004ರಲ್ಲಿ ಗ್ವಾಂಗ್ ಫಾಂಗ್‌ಜಿಯನ್ನು ಕೈಬಿಟ್ಟಿತು. ಆದರೆ ಈ ಆಮ್ಲ ಇರುವ ಬೇರೆ ಗಿಡಗಳು ಇನ್ನೂ ಇವೆ. ನಗಬೇಡಿ, ಹಾವು ಕಡಿತಕ್ಕೆ ಅಂತ ನಮ್ಮ ಹಳ್ಳಿಗಳಲ್ಲಿ ಅರೆದು ಕುಡಿಸುವ ಈಶ್ವರಿ ಬೇರೂ ಅದೇ ಜಾತಿ.

ಹಾಗಾಗಿ ಕುಡಿಯುವ ಮೊದಲು ಗಿಡಗಳ ಪಟ್ಟಿ ಕೇಳಿ. ಚೀನೀ ಅಕ್ಷರದಲ್ಲೇ ಇರಲಿ, ಫೋಟೋ ತೆಗೆದಿಟ್ಟುಕೊಳ್ಳಿ. ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಲಿವರ್ ಪರೀಕ್ಷೆ ಮೊದಲೊಮ್ಮೆ, ತಿಂಗಳ ನಂತರ ಒಮ್ಮೆ. ಪಟ್ಟಿಯಲ್ಲಿ "ಫೂಝಿ" ಕಂಡರೆ ಅದು ನಮ್ಮ ವತ್ಸನಾಭಿಯ ಅಣ್ಣ. ಗಂಟುನೋವಿಗೆ ಕೊಡುತ್ತಾರೆ, ಸಂಸ್ಕಾರ ಮಾಡಿ ತುಂಬಾ ಹೊತ್ತು ಕುದಿಸದಿದ್ದರೆ ಹೃದಯದ ಬಡಿತವೇ ತಪ್ಪುತ್ತದೆ. ಅದನ್ನು ಮನೆಗೆ ತಂದು ಕುದಿಸುವ ಸಾಹಸ ಬೇಡ. ನನ್ನನ್ನು ಕೇಳಿದರೆ ಸೊಂಟಕ್ಕೆ ಸೂಜಿ ಸಾಕು, ಕಷಾಯ ಬೇಡ ಅನ್ನುತ್ತೇನೆ. ಇದು ನನ್ನ ಹೆದರಿಕೆ ಅಂತಲೇ ಇಟ್ಟುಕೊಳ್ಳಿ.

ಅಮ್ಮನಿಗೆ ಒಂದು ಪ್ಯಾಕೆಟ್ಟೂ ತರಬೇಡಿ. ಅವರ ರಕ್ತ ತೆಳುವಾಗುವ ಮಾತ್ರೆ ವಾರ್ಫರಿನ್ ಆಗಿದ್ದರೆ, ಚೀನೀ ಕಷಾಯಗಳಲ್ಲಿ ಪದೇ ಪದೇ ಬರುವ "ದಾನ್‌ಶೆನ್", "ದಾಂಗ್‌ಗುಯಿ" ಬೇರುಗಳು ಅದರ ಜೋರನ್ನು ಹೆಚ್ಚಿಸುತ್ತವೆ. ಮೊದಲು ವಸಡಲ್ಲಿ ರಕ್ತ ಬರಬಹುದು, ಕೊನೆಗೆ ತಲೆಯೊಳಗೂ ರಕ್ತಸ್ರಾವ ಆಗಬಹುದು. ಇನ್ನು ಅವರ ಕಷಾಯಗಳಿಗೆ ಸಾಮಾನ್ಯವಾಗಿ ಬೀಳುವ "ಗಾನ್‌ಚಾವ್" ಅಂದರೆ ಜೇಷ್ಠಮಧು. ಜಾಸ್ತಿ ದಿನ ಕುಡಿದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ನಿಮ್ಮ ನಾಡಿ ನೋಡಿ ಕೊಟ್ಟದ್ದು ನಿಮ್ಮ ತಾಯಿಗೆ ಹೇಗೆ ಹೊಂದುತ್ತೆ? ಅವರ ಪದ್ಧತಿಯ ಪ್ರಕಾರವೇ ಅದು ತಪ್ಪು.

ಪ್ರಶ್ನೆ: ಕಪ್ಪಿಂಗ್ (ಮೈಗೆ ಬಟ್ಟಲು ಕಚ್ಚಿಸಿ ಚರ್ಮ ಎಳೆಯುವುದು) ಮಾಡಿಸಿದೆ. ಬೆನ್ನ ಮೇಲೆ ಕಪ್ಪು ವೃತ್ತಗಳು. ಕೆಟ್ಟ ರಕ್ತ ಹೊರಬಂದಿದೆ ಎಂದರು. ನಿಜವಾ?

ಸುಮ್ನೆ. ಎಳೆತಕ್ಕೆ ಚರ್ಮದಡಿಯ ಸಣ್ಣ ರಕ್ತನಾಳ ಒಡೆದಿವೆ, ಅಷ್ಟೇ. ಪೆಟ್ಟು ಬಿದ್ದಾಗ ಕಂದುಗಟ್ಟುವುದೂ ಅದೇ ರಕ್ತ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಈ ವೃತ್ತ ಕಂಡ ಮೇಲೆ ಜಿಮ್ಮುಗಳಲ್ಲೂ ಶುರುವಾಯಿತು. ನಮ್ಮ ಕಡೆ ಹೊಕ್ಕುಳ ಮೇಲೆ ದೀಪ ಇಟ್ಟು ಚೊಂಬು ಮಗುಚಿ ಬಟ್ಟಿ ಎತ್ತುತ್ತಾರಲ್ಲ, ಎಳೆತ ಅದೇ. ವಾರ, ಹತ್ತು ದಿನಕ್ಕೆ ಹೋಗುತ್ತೆ. ಬ್ಲೇಡಿನಿಂದ ಗೀರಿ ರಕ್ತ ತೆಗೆಯುವವರ ಹತ್ತಿರ ಮಾತ್ರ ಹೋಗಬೇಡಿ, ಹೆಪಟೈಟಿಸ್ ಉಚಿತ.

ಪ್ರಶ್ನೆ: ಮಲೇರಿಯಾ ಔಷಧಿಗೆ ಚೀನಾದವರಿಗೆ ನೊಬೆಲ್ ಬಂತಲ್ಲ, ಇನ್ನೇನು ಪುರಾವೆ ಬೇಕು?

ವಿಜ್ಞಾನಿ ತೂ ಯೂಯೂ ಅವರಿಗೆ 2015ರಲ್ಲಿ ಬಂತು. ಹಳೇ ಪುಸ್ತಕದ ಒಂದು ಸಾಲು ಹಿಡಿದರು, ಕುದಿಸಿದರೆ ಗಿಡದ ಸತ್ವ ಕೆಡುತ್ತೆ ಎಂದು ಊಹಿಸಿದರು, ಈಥರ್ ಅನ್ನುವ ದ್ರಾವಕದಲ್ಲಿ ಅದನ್ನು ತೆಗೆದರು. 191ನೇ ಮಾದರಿ ಕೆಲಸ ಮಾಡಿತು. ಅದಕ್ಕೂ ಮೊದಲಿನ 190 ನೆನಪಿರಲಿ.

ಪ್ರಶ್ನೆ: ಪಾದಕ್ಕೆ ಅಂಟಿಸುವ ಪಟ್ಟಿ ಬೆಳಿಗ್ಗೆ ಕಪ್ಪಾಗಿರುತ್ತೆ. ವಿಷ ಬಂತಾ?

ಹೊಸ ಪಟ್ಟಿಗೆ ಬಿಸಿನೀರು ಹನಿಸಿ ನೋಡಿ.

ಪ್ರಶ್ನೆ: ಕಿವಿಗೆ ಬೀಜ ಅಂಟಿಸಿದರೆ ತೂಕ ಇಳಿಯುತ್ತಾ?

ಬಾಯಿಗೆ ಅಂಟಿಸಿದರೆ ಇಳಿಯುತ್ತೆ.

ಪ್ರಶ್ನೆ: ಸೂಜಿ ಹಾಕಿದಾಗ ಮೊಬೈಲ್ ನೋಡಬಹುದಾ?

ಕೈಯಲ್ಲೂ ಸೂಜಿ ಇರಬಹುದು. ಹೇಗೆ ಹಿಡೀತೀರಿ?