ಓದುಗರ ಪ್ರಶ್ನೆ: ಮಗನಿಗೆ ಹತ್ತಿರುವುದು ಚಟವೋ, ಮನಸ್ಸಿನ ಬೇನೆಯೋ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಕೆಲವು ತಿಂಗಳಿಂದ ಮಧ್ಯರಾತ್ರಿ ಕಳೆದರೂ ಮೊಬೈಲ್ ಗೇಮ್ ಬಿಡುವುದಿಲ್ಲ. ಇಷ್ಟಪಟ್ಟು ಆಡುತ್ತಿದ್ದ ಫುಟ್‌ಬಾಲ್ ನಿಲ್ಲಿಸಿದ್ದಾನೆ, ಮಾತನಾಡಿಸಿದರೆ ಸಿಡುಕುತ್ತಾನೆ. ಈಚೆಗೆ ಅವನ ಬಟ್ಟೆಯಲ್ಲಿ ಸಿಗರೇಟಿನ ವಾಸನೆಯೂ ಬಂತು. ಮೊಬೈಲ್ ಕಿತ್ತುಕೊಂಡ ದಿನ ಬಾಗಿಲು ಹಾಕಿಕೊಂಡವನು ಊಟಕ್ಕೂ ಬರಲಿಲ್ಲ. ಇದು ಚಟವೇ, ಮಾನಸಿಕ ಕಾಯಿಲೆಯೇ?
- ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರದಲ್ಲಿ ಸಿಗರೇಟಿಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಅವನು ಫುಟ್‌ಬಾಲ್ ಬಿಟ್ಟ ಸಂಗತಿ. ಹದಿಹರೆಯದ ಖಿನ್ನತೆ ಅಳುವಾಗಿಯೇ ಕಾಣಿಸಿಕೊಳ್ಳಬೇಕೆಂದಿಲ್ಲ. ಸಿಡುಕು, ನಿದ್ದೆಗೇಡು, ಇಷ್ಟವಾಗಿದ್ದುದರಲ್ಲಿ ನಿರಾಸಕ್ತಿ, ಇವೇ ಅದರ ಲಕ್ಷಣಗಳಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ.

ಒಳಗಿನ ಆತಂಕವನ್ನು ಹೇಳಿಕೊಳ್ಳಲಾಗದ ಹುಡುಗನಿಗೆ ಗೇಮ್ ಒಂದಿಷ್ಟು ಹೊತ್ತು ಅದನ್ನು ಮರೆಸುತ್ತದೆ, ಮತ್ತು ಆ ನೆಮ್ಮದಿಯ ದಾರಿಯನ್ನು ಮಿದುಳು ಬೇಗ ಕಲಿತುಬಿಡುತ್ತದೆ. ಸುಖದ ಸೆಳೆತಕ್ಕೆ ಓಗೊಡುವ ಭಾಗಗಳು ಈ ವಯಸ್ಸಿನಲ್ಲಿ ಚುರುಕಾಗಿದ್ದರೆ, ಅದಕ್ಕೆ ಕಡಿವಾಣ ಹಾಕಬೇಕಾದ ಮುಂಭಾಗ ಸುಮಾರು 25ರವರೆಗೂ ಬಲಿಯುತ್ತಲೇ ಇರುತ್ತದೆ. ಆದರೆ ನಿದ್ದೆಗೆಟ್ಟ ರಾತ್ರಿ ಮರುದಿನದ ಬೇಸರವನ್ನು ಹೆಚ್ಚಿಸುತ್ತದೆ, ಬೇಸರ ಮತ್ತೆ ಗೇಮಿನತ್ತ ಎಳೆಯುತ್ತದೆ. ಸಿಗರೇಟಿನದೂ ಇದೇ ಕಥೆ. ರೂಢಿಯಾದ ಮೇಲೆ ಅದು ಮನಸ್ಸನ್ನು ಹಗುರಗೊಳಿಸುವಂತೆ ತೋರುವುದು, ಬಹುಮಟ್ಟಿಗೆ, ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಾಗ ಹುಟ್ಟಿದ ಚಡಪಡಿಕೆಯನ್ನೇ ಶಮನ ಮಾಡುವುದರಿಂದ.

ಹೀಗಾಗಿ ಎರಡರಲ್ಲಿ ಯಾವುದೆಂದು ಆರಿಸಬೇಕಾಗಿಲ್ಲ, ಎರಡೂ ಇರಬಹುದು. 2022ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೂ ಸ್ಥಾನವಿದೆಯಾದರೂ, ಆಡುವ ಗಂಟೆಗಳನ್ನಷ್ಟೇ ಎಣಿಸಿ ಅದನ್ನು ನಿರ್ಧರಿಸುವುದಿಲ್ಲ. ಹಿಡಿತ ತಪ್ಪಿರುವುದು, ಬೇರೆಲ್ಲವೂ ಹಿಂದೆ ಸರಿದಿರುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬರಬೇಕು. ಪತ್ರ ಓದಿ ನಾನು ಆ ಹಣೆಪಟ್ಟಿ ಹಚ್ಚಲಾರೆ.

ಮೊಬೈಲ್ ಕಿತ್ತುಕೊಂಡದ್ದಕ್ಕೆ ನಿಮ್ಮನ್ನು ದೂರುವುದಿಲ್ಲ, ಭಯವಾದಾಗ ಕೈ ಮುಂದಾಗುವುದು ಸಹಜ. ಆದರೆ ಅವನಿಗಿದ್ದ ಒಂದೇ ಆಸರೆಯನ್ನು ತೆಗೆದು ಬದಲಿಗೆ ಏನನ್ನೂ ಕೊಡದಿದ್ದರೆ ಹಟ ಬೆಳೆಯುತ್ತದೆ. ರಾತ್ರಿ ಮನೆಯವರೆಲ್ಲರ ಮೊಬೈಲುಗಳೂ ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿದಂತೆ. "ಯಾಕೆ ಹೀಗಾದೆ?" ಎನ್ನುವ ಬದಲು "ಈಚೆಗೆ ನಿನಗೆ ನೆಮ್ಮದಿಯಿಲ್ಲವೆಂದು ಕಾಣುತ್ತದೆ, ಏನಾಗುತ್ತಿದೆ?" ಎಂದು ಕೇಳಿ, ಉತ್ತರ ತಡವಾದರೂ ಉಪದೇಶಕ್ಕೆ ಇಳಿಯಬೇಡಿ. ಶಾಲೆಯಲ್ಲಿನ ಅವಮಾನ, ಪರೀಕ್ಷೆಯ ಭಯ, ಮುರಿದ ಸ್ನೇಹ, ಏನು ಬೇಕಾದರೂ ಹೊರಬರಬಹುದು.

ಜೊತೆಗೆ ಮನೋವೈದ್ಯರನ್ನೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಈ ವಾರವೇ ಕಾಣಿರಿ. ಗೇಮ್, ಸಿಗರೇಟು, ಮನಃಸ್ಥಿತಿ ಮೂರನ್ನೂ ಒಟ್ಟಿಗೆ ಹೇಳಿ, ಏಕೆಂದರೆ ಚಟವನ್ನಷ್ಟೇ ಬಿಡಿಸಿದರೆ ಸಂಕಟ ಬೇರೊಂದು ಚಟವನ್ನು ಹುಡುಕಿಕೊಳ್ಳಬಹುದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.